ಹಳೆಯ ಗೇರ್ ಸೈಕಲಿಗೆ ಹೊಸ ಶಿಫ್ಟರ್: ಯಾವುದು ಹೊಂದುತ್ತದೆ, ಯಾವುದು ಹೊಂದುವುದಿಲ್ಲ

ಮೆಟ್ಟಿಲಿನ ಕೆಳಗೆ ಹದಿನೈದು ಇಪ್ಪತ್ತು ವರ್ಷ ನಿಂತಿದ್ದ ಗೇರ್ ಸೈಕಲನ್ನು ಹೊರಗೆ ತೆಗೆದು ಓಡಿಸಲು ಹೊರಟವರಿಗೆ ಟೈರು, ಟ್ಯೂಬು, ಬ್ರೇಕ್ ರಬ್ಬರುಗಳು ತಲೆನೋವಾಗುವುದಿಲ್ಲ. ಅಳತೆ ಹೇಳಿದರೆ ಬೆಂಗಳೂರಿನ ಯಾವ ಬಡಾವಣೆಯ ಸೈಕಲ್ ಅಂಗಡಿಯಲ್ಲಾದರೂ ಅವು ಸಿಗುತ್ತವೆ. ಹ್ಯಾಂಡಲಿನ ಮೇಲಿರುವ ಗೇರ್ ಶಿಫ್ಟರ್ ಹಾಗಲ್ಲ. ಅದರ ಹೊರ ಆಕಾರ ಹೊಂದಿದರೂ ಒಳಗಿನ ಲೆಕ್ಕ ಹೊಂದದೇ ಇರಬಹುದು. ಗೇರುಗಳ ಸಂಖ್ಯೆ ಹೊಂದಿದರೂ ಅದು ಎಳೆಯುವ ಕೇಬಲಿನ ಉದ್ದ ಹೊಂದದೇ ಇರಬಹುದು. ಇವೆರಡೂ ಹೊಂದಿದ ಮೇಲೂ ಬ್ರೇಕ್ ಲಿವರ್ ಅದಕ್ಕೆ ಅಂಟಿಕೊಂಡೇ ಬಂದಿದ್ದರೆ ಬ್ರೇಕು ಕೈಕೊಡಬಹುದು. ಹನುಮಂತನಗರದ ನಮ್ಮ ಮನೆಯಲ್ಲಿರುವ, ಮುಂದೆ ಮೂರು ಹಿಂದೆ ಆರು ಹಲ್ಲುಚಕ್ರಗಳ ಹಳೆಯ ಸೈಕಲಿಗೆ ನಾನು ಮೂರು ಬಾರಿ ಶಿಫ್ಟರ್ ಕೊಂಡೆ. ಮೊದಲ ಎರಡು ಈಗಲೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಬಿದ್ದಿವೆ. ಅವೆರಡೂ ಏಕೆ ಹೊಂದಲಿಲ್ಲ ಎಂಬುದನ್ನು ಮುಂದೆ ಆಯಾ ಜಾಗದಲ್ಲಿ ಹೇಳುತ್ತೇನೆ.

ಕೆಟ್ಟಿರುವುದು ಶಿಫ್ಟರೇ ಹೌದೇ?

ಹೋಲಿಕೆಗೆ ಇಳಿಯುವ ಮುನ್ನ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು, ಏಕೆಂದರೆ ಅನೇಕ ಸಲ ಏನನ್ನೂ ಕೊಳ್ಳಬೇಕಾಗಿಯೇ ಇರುವುದಿಲ್ಲ. ಹಿಂದಿನ ಡಿರೈಲರಿನ, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗದ ಬಳಿ ಕೇಬಲನ್ನು ಬಿಚ್ಚಿ, ಒಂದು ಕೈಯಲ್ಲಿ ಅದನ್ನು ಬಿಗಿಯಾಗಿ ಹಿಡಿದೆಳೆದುಕೊಂಡೇ ಇನ್ನೊಂದು ಕೈಯಿಂದ ಶಿಫ್ಟರನ್ನು ಒಂದೊಂದೇ ಗೇರು ಸರಿಸಿ ನೋಡಬೇಕು. ಪ್ರತಿ ಸಲವೂ ಕೇಬಲ್ ಸಮನಾಗಿ ಒಳಗೆ ಸರಿದು, ಸರಿದಲ್ಲಿಯೇ ನಿಂತರೆ ಶಿಫ್ಟರಿನಲ್ಲಿ ದೋಷವಿಲ್ಲ. ದೋಷವಿರುವುದು ಕೇಬಲಿನಲ್ಲೋ, ಅದರ ಹೊರಕವಚದಲ್ಲೋ, ಡಿರೈಲರಿನಲ್ಲೋ. ಬೆಂಗಳೂರಿನ ಮಳೆಗಾಲದ ಸಂಜೆಗಳಲ್ಲಿ ಒಂದೆರಡು ವರ್ಷ ನೆನೆದ ಸೈಕಲಿನ ಹೊರಕವಚದೊಳಗೆ ತುಕ್ಕು ಕೂತು, ಕೇಬಲ್ ಹೋಗುವಾಗ ಹೋಗಿ ಬರುವಾಗ ಬಾರದಂತಾಗುವುದು ತೀರಾ ಸಾಮಾನ್ಯ. ದೊಡ್ಡ ಹಲ್ಲುಚಕ್ರಕ್ಕೆ ಸಲೀಸಾಗಿ ಏರುವ ಚೈನು ಚಿಕ್ಕದಕ್ಕೆ ಇಳಿಯಲು ಹಿಂಜರಿಯುತ್ತಿದ್ದರೆ ಮೊದಲು ಶಂಕಿಸಬೇಕಾದದ್ದು ಕೇಬಲನ್ನೇ.

ಬೆರಳಿನಿಂದ ಒತ್ತಿದರೆ ಪೊಳ್ಳಾಗಿ ಹೋಗಿಬರುವ, ಯಾವುದನ್ನೂ ಹಿಡಿಯದ ಟ್ರಿಗರ್ ಶಿಫ್ಟರಿಗೂ ಹಲವು ಬಾರಿ ಮರುಜೀವ ಬರುತ್ತದೆ. ಅದರೊಳಗೆ ಸ್ಪ್ರಿಂಗಿನ ಬಲದಿಂದ ಹಲ್ಲಿಗೆ ಸಿಕ್ಕಿಕೊಳ್ಳುವ ನಾಲಿಗೆಯಂಥ ಚಿಕ್ಕ ಲೋಹದ ತುಂಡುಗಳಿರುತ್ತವೆ. ತಯಾರಿಸುವಾಗ ಹಾಕಿದ ಗ್ರೀಸು ವರ್ಷಗಳು ಕಳೆದಂತೆ ಮೇಣದಂತೆ ಗಟ್ಟಿಯಾಗುವುದರಿಂದ ಆ ನಾಲಿಗೆಗಳು ಮಲಗಿದಲ್ಲೇ ಮಲಗುತ್ತವೆ. ಕೇಬಲ್ ತೆಗೆದು, ತೂರುವ ಬಾಯಿಯ ಮೂಲಕ ಡಬ್ಲ್ಯೂಡಿ-40ರಂಥ ತೆಳು ಸ್ಪ್ರೇಯನ್ನು ಧಾರಾಳವಾಗಿ ಹೊಡೆದು, ಅರ್ಧ ಗಂಟೆ ಬಿಟ್ಟು, ಐವತ್ತು ಅರವತ್ತು ಬಾರಿ ಒತ್ತುತ್ತಾ ಹೋದರೆ ಕಂದು ಬಣ್ಣದ ಜಿಡ್ಡು ಇಳಿದು, ಎಲ್ಲೋ ಒಂದು ಕ್ಷಣದಲ್ಲಿ ಟಕ್ ಎಂಬ ಸದ್ದು ಮರಳುತ್ತದೆ. ಕೊನೆಗೆ ಎರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟರೆ ಆಯಿತು. ಒಳಗಿನ ಪ್ಲಾಸ್ಟಿಕ್ ಹಲ್ಲೇ ಮುರಿದಿದ್ದರೆ ಮಾತ್ರ ಈ ಉಪಚಾರ ಫಲಿಸದು.

ಮೂರನೆಯದು ಹ್ಯಾಂಗರ್, ಅಂದರೆ ಹಿಂದಿನ ಡಿರೈಲರ್ ನೇತಾಡುವ ಫ್ರೇಮಿನ ಕಿವಿ. ಸೈಕಲ್ ಬಲಮಗ್ಗುಲಿಗೆ ಒಮ್ಮೆ ಬಿದ್ದಿದ್ದರೂ ಅದು ಒಳಕ್ಕೆ ಬಾಗಿರಬಹುದು. ಹಿಂದಿನಿಂದ ಕೂತು ನೋಡಿದಾಗ ಡಿರೈಲರಿನ ಎರಡು ಚಿಕ್ಕ ಗಾಲಿಗಳೂ ಹಲ್ಲುಚಕ್ರದೊಂದಿಗೆ ಒಂದೇ ನೇರ ಗೆರೆಯಲ್ಲಿ ಕಾಣಬೇಕು. ಬಾಗಿದ ಹ್ಯಾಂಗರ್ ಮೇಲೆ ಜಗತ್ತಿನ ಯಾವ ಇಂಡೆಕ್ಸ್ ಶಿಫ್ಟರೂ (ಕ್ಲಿಕ್ಕಿಗೆ ಒಂದು ಗೇರು ಬದಲಿಸುವ ಬಗೆ) ಸರಿಯಾಗಿ ಕೆಲಸ ಮಾಡುವುದಿಲ್ಲ.

ಹೊಂದಾಣಿಕೆಯ ಲೆಕ್ಕ

ಶಿಫ್ಟರುಗಳಲ್ಲಿ ಮೂಲತಃ ಎರಡೇ ಜಾತಿ. ಫ್ರಿಕ್ಷನ್ ಶಿಫ್ಟರಿನಲ್ಲಿ ಮೆಟ್ಟಿಲುಗಳಿಲ್ಲ. ಲಿವರನ್ನು ಎಲ್ಲಿಗೆ ಸರಿಸಿದರೂ ಬಿಗಿತದ ಬಲದಿಂದ ಅಲ್ಲೇ ನಿಲ್ಲುತ್ತದೆ, ಚೈನು ಸರಿಯಾಗಿ ಕೂತಿತೋ ಇಲ್ಲವೋ ಎಂಬುದನ್ನು ಸವಾರ ಸದ್ದಿನಿಂದ ತಿಳಿದು ತಿದ್ದಿಕೊಳ್ಳುತ್ತಾನೆ. ಇಂಡೆಕ್ಸ್ ಶಿಫ್ಟರಿನಲ್ಲಿ ಒಂದು ಕ್ಲಿಕ್ಕಿಗೆ ಒಂದು ಗೇರು ಎಂಬ ನಿಗದಿತ ಮೆಟ್ಟಿಲುಗಳಿರುತ್ತವೆ. 1984ರಲ್ಲಿ ಶಿಮಾನೊ ಕಂಪನಿಯು ಡ್ಯೂರಾ-ಏಸ್ 7400 ಸರಣಿಯಲ್ಲಿ ಇಂಡೆಕ್ಸ್ ವ್ಯವಸ್ಥೆಯನ್ನು ತಂದ ಮೇಲೆ ಕೆಲವೇ ವರ್ಷಗಳಲ್ಲಿ ಅದು ಅಗ್ಗದ ಸೈಕಲುಗಳವರೆಗೂ ಇಳಿದುಬಂತು. ಅಲ್ಲಿಯವರೆಗೆ ಯಾವ ಶಿಫ್ಟರನ್ನು ಯಾವ ಡಿರೈಲರಿಗೆ ಬೇಕಾದರೂ ಜೋಡಿಸಬಹುದಿತ್ತು. ಹೊಂದಾಣಿಕೆ ಎಂಬ ತೊಡಕು ಹುಟ್ಟಿದ್ದೇ ಕ್ಲಿಕ್ಕಿನ ಜೊತೆಯಲ್ಲಿ.

ಇಂಡೆಕ್ಸ್ ಶಿಫ್ಟರಿನ ಹೊಂದಾಣಿಕೆ ಮೂರು ಅಂಕಿಗಳ ಮೇಲೆ ನಿಂತಿದೆ: ಒಂದು ಕ್ಲಿಕ್ಕಿಗೆ ಶಿಫ್ಟರ್ ಎಳೆಯುವ ಕೇಬಲಿನ ಉದ್ದ, ಆ ಎಳೆತವನ್ನು ಡಿರೈಲರ್ ಎಷ್ಟು ಪಟ್ಟು ಅಡ್ಡ ಚಲನೆಯಾಗಿ ಮಾರ್ಪಡಿಸುತ್ತದೆ ಎಂಬ ಅನುಪಾತ, ಮತ್ತು ಹಿಂದಿನ ಎರಡು ಹಲ್ಲುಚಕ್ರಗಳ ನಡುವಿನ ದೂರ. ಮೊದಲೆರಡರ ಗುಣಲಬ್ಧ ಮೂರನೆಯದಕ್ಕೆ ಸಮವಾಗಬೇಕು. ಶಿಮಾನೊದ 6, 7, 8 ಮತ್ತು 9 ಗೇರುಗಳ ಹಿಂದಿನ ಡಿರೈಲರುಗಳಲ್ಲಿ ಈ ಅನುಪಾತ ಸುಮಾರು 1.7. (ಆ ಮೊದಲ ಡ್ಯೂರಾ-ಏಸ್ 7400 ಸರಣಿಯ ಡಿರೈಲರೇ ಈ ನಿಯಮಕ್ಕೆ ಹೊರತು ಎಂಬುದು ತಮಾಷೆಯಾದರೂ ನಿಜ.) ಆರು ಗೇರಿನ ಫ್ರೀವೀಲಿನಲ್ಲಿ, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲಿನಲ್ಲಿ, ಹಲ್ಲುಚಕ್ರಗಳ ನಡುವೆ ಸುಮಾರು 5.5 ಮಿ.ಮೀ. ಇರುತ್ತದೆ, ಅದಕ್ಕೆ ತಕ್ಕ ಶಿಫ್ಟರ್ ಕ್ಲಿಕ್ಕಿಗೆ ಸುಮಾರು 3.2 ಮಿ.ಮೀ. ಕೇಬಲ್ ಎಳೆಯುತ್ತದೆ. ಏಳರಲ್ಲಿ ಇವು 5.0 ಮತ್ತು 2.9, ಎಂಟರಲ್ಲಿ 4.8 ಮತ್ತು 2.8, ಒಂಬತ್ತರಲ್ಲಿ 4.35 ಮತ್ತು 2.5.

ಈಗ ನನ್ನ ಮೊದಲ ತಪ್ಪಿನ ಕಥೆ. ಆನ್‌ಲೈನ್ ಮಾರಾಟಗಾರನೊಬ್ಬ ‘ಆರು ಅಥವಾ ಏಳು ಗೇರಿಗೆ’ ಎಂದು ಬರೆದಿದ್ದ ಬಲಗಡೆಯ ಶಿಫ್ಟರನ್ನು ತರಿಸಿಕೊಂಡೆ. ಬಂದದ್ದು ಏಳರದು. ಒಂದು ಕ್ಲಿಕ್ಕು ಹೆಚ್ಚಿದ್ದರೆ ಏನಂತೆ ಎಂದು ಜೋಡಿಸಿದೆ. ಮೊದಲ ಎರಡು ಗೇರು ಸರಿಯಾಗಿ ಬಿದ್ದವು, ಮೂರರಲ್ಲಿ ಚೈನು ಕರಕರ ಎನ್ನತೊಡಗಿತು, ಐದಕ್ಕೆ ಏರಲೇ ಇಲ್ಲ. ಆಮೇಲೆ ಹಳೆಯದನ್ನೂ ಹೊಸದನ್ನೂ ಮೇಜಿನ ಅಂಚಿಗೆ ಕಟ್ಟಿ, ಕೇಬಲಿನ ತುದಿಗೆ ಒಂದು ಬೀಗವನ್ನು ತೂಕವಾಗಿ ಇಳಿಬಿಟ್ಟು, ಮೊದಲ ಕ್ಲಿಕ್ಕಿನಲ್ಲೊಂದು ಕೊನೆಯ ಕ್ಲಿಕ್ಕಿನಲ್ಲೊಂದು ಪೆನ್ನಿನ ಗುರುತು ಹಾಕಿ ಅಳೆದೆ. ಹಳೆಯದು ಐದು ಕ್ಲಿಕ್ಕಿನಲ್ಲಿ 16 ಮಿ.ಮೀ. ಎಳೆದಿತ್ತು, ಹೊಸದು ಆರು ಕ್ಲಿಕ್ಕಿನಲ್ಲಿ 17 ಮಿ.ಮೀ.ಗಿಂತ ತುಸು ಹೆಚ್ಚು. ಕ್ಲಿಕ್ಕಿಗೆ 2.9ರಂತೆ ಲೆಕ್ಕ ಹಾಕಿದರೆ ಡಿರೈಲರ್ ಪ್ರತಿ ಸಲ ಸುಮಾರು 4.9 ಮಿ.ಮೀ. ಸರಿಯುತ್ತದೆ, ಬೇಕಾದದ್ದು 5.5. ಒಂದು ಗೇರಿಗೆ ಅರ್ಧ ಮಿಲಿಮೀಟರಿನ ಕೊರತೆ ದೊಡ್ಡದಲ್ಲ, ಆದರೆ ಐದು ಗೇರು ದಾಟುವಷ್ಟರಲ್ಲಿ ಅದು ಕೂಡುತ್ತಾ ಹೋಗಿ ಎರಡು ಚಕ್ರಗಳ ನಡುವಿನ ದೂರದ ಅರ್ಧಕ್ಕೇ ಬಂದು ನಿಲ್ಲುತ್ತದೆ. ಚೈನು ಎರಡರ ಮಧ್ಯೆ ಕರಕರ ಎನ್ನದೆ ಇನ್ನೇನು ಮಾಡೀತು?

ಇದೇ ಲೆಕ್ಕ ಎಂಟು ಗೇರಿನ ಶಿಫ್ಟರನ್ನು ಏಳು ಗೇರಿನ ಫ್ರೀವೀಲಿಗೆ ಹಾಕುವವರ ಪರವಾಗಿದೆ. ಅಲ್ಲಿ ಕ್ಲಿಕ್ಕಿಗೆ ಬೀಳುವ ವ್ಯತ್ಯಾಸ ಕಾಲು ಮಿಲಿಮೀಟರಿನಷ್ಟು ಮಾತ್ರ. ನಡುವಿನ ಗೇರಿಗೆ ಸರಿಯಾಗಿ ಹೊಂದಿಸಿಕೊಂಡರೆ ಎರಡೂ ತುದಿಗಳಲ್ಲಿ ತಪ್ಪು ಮುಕ್ಕಾಲು ಮಿಲಿಮೀಟರ್ ದಾಟುವುದಿಲ್ಲ. ಶಿಮಾನೊ ಡಿರೈಲರಿನ ಮೇಲಿನ ಗಾಲಿಗೆ ಅಡ್ಡಡ್ಡ ಸ್ವಲ್ಪ ಸಡಿಲ ಬಿಟ್ಟಿರುವುದು ಇಂಥ ಚಿಕ್ಕಪುಟ್ಟ ತಪ್ಪುಗಳನ್ನು ನುಂಗಿಕೊಳ್ಳಲೆಂದೇ. ಒಂದು ಕ್ಲಿಕ್ಕು ವ್ಯರ್ಥವಾಗಿ ಉಳಿಯುತ್ತದೆ, ಅಷ್ಟೆ. ಏಳರ ಶಿಫ್ಟರ್ ಸಿಗದಿದ್ದಾಗ ಎಂಟರದನ್ನು ಧೈರ್ಯವಾಗಿ ಕೊಳ್ಳಬಹುದು. ಒಂಬತ್ತರದು ಏಳಕ್ಕೆ ಸಲ್ಲದು.

ಅಂಗಡಿಗೆ ಹೋಗುವ ಮುನ್ನ ನಿಮ್ಮ ಫ್ರೀವೀಲನ್ನು ಅಳೆದುಕೊಳ್ಳುವುದು ಒಳ್ಳೆಯದು. ಅತಿ ದೊಡ್ಡ ಚಕ್ರದ ಹೊರಮುಖದಿಂದ ಅತಿ ಚಿಕ್ಕ ಚಕ್ರದ ಅದೇ ಕಡೆಯ ಮುಖದವರೆಗೆ ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದು, ಚಕ್ರಗಳ ಸಂಖ್ಯೆಗಿಂತ ಒಂದು ಕಡಿಮೆಯಿಂದ ಭಾಗಿಸಬೇಕು. ಸಾಮಾನ್ಯ ಆರರಲ್ಲಿ ಒಟ್ಟು 27.5 ಮಿ.ಮೀ. ಆಸುಪಾಸು, ಏಳರಲ್ಲಿ 30 ಮಿ.ಮೀ. ಆಸುಪಾಸು ಬರುತ್ತದೆ. ಕೆಲವು ಹಳೆಯ ರೋಡ್ ಸೈಕಲುಗಳಲ್ಲಿ ಆರು ಚಕ್ರಗಳನ್ನೇ ಒತ್ತೊತ್ತಾಗಿ ಕೂರಿಸಿರುವುದುಂಟು. ಅಲ್ಲಿ ಸಂಖ್ಯೆಯನ್ನು ನಂಬಿ ಹೋದವರು ಮೋಸ ಹೋಗುತ್ತಾರೆ.

ನೇರ ಹ್ಯಾಂಡಲಿನ ಸೈಕಲುಗಳಿಗೆ

ಲೂಧಿಯಾನದ ಹೀರೊ ಇರಲಿ, ಚೆನ್ನೈನ ಟಿಐ ಸೈಕಲ್ಸ್‌ನ ಹರ್ಕ್ಯುಲಿಸ್ ಅಥವಾ ಬಿಎಸ್‌ಎ ಇರಲಿ, ನಮ್ಮಲ್ಲಿ ಮನೆಮನೆಗೆ ಬಂದ ಗೇರ್ ಸೈಕಲುಗಳಲ್ಲಿ ಹೆಚ್ಚಿನವು ನೇರ ಹ್ಯಾಂಡಲಿನವು. ಹದಿನೆಂಟು ಗೇರು ಎಂದು ಮಾರಿದ್ದು ಮುಂದೆ ಮೂರು ಹಿಂದೆ ಆರು. ಇಪ್ಪತ್ತೊಂದು ಎಂದರೆ ಹಿಂದೆ ಏಳು. ಇಪ್ಪತ್ನಾಲ್ಕು ಎಂದರೆ ಹಿಂದೆ ಎಂಟು. ಅಂಗಡಿಯಲ್ಲಿ ಈ ಒಟ್ಟು ಸಂಖ್ಯೆ ಹೇಳುವುದಕ್ಕಿಂತ ಹಿಂದಿನ ಸಂಖ್ಯೆಯನ್ನಷ್ಟೇ ಹೇಳುವುದು ಮೇಲು. ಹಿಡಿಯ ಜಾಗದಲ್ಲಿ ಈ ಹ್ಯಾಂಡಲುಗಳ ವ್ಯಾಸ 22.2 ಮಿ.ಮೀ. ಇರುವುದರಿಂದ ಮುಂದೆ ಹೇಳುವ ನಾಲ್ಕು ಬಗೆಗಳೂ ಕೂರುವ ಮಟ್ಟಿಗೆ ಕೂರುತ್ತವೆ.

ಹೆಬ್ಬೆರಳಿನ ಶಿಫ್ಟರ್, ಅಂದರೆ ಹ್ಯಾಂಡಲಿನ ಮೇಲ್ಗಡೆ ಒಂದೇ ಲಿವರ್ ಇರುವ ಸರಳ ಬಗೆ, ಹಳೆಯ ಸೈಕಲಿಗೆ ನನ್ನ ಮೊದಲ ಆಯ್ಕೆ. ಒಳಗೆ ಕೆಡುವಂಥದ್ದು ಕಡಿಮೆ, ಯಾವ ಗೇರಿನಲ್ಲಿದ್ದೇವೆ ಎಂಬುದು ಲಿವರಿನ ಕೋನದಿಂದಲೇ ಗೊತ್ತಾಗುತ್ತದೆ, ಮತ್ತು ಒಂದೇ ತಳ್ಳಿಗೆ ಆರೂ ಗೇರು ದಾಟಬಹುದು. ಸಿಗ್ನಲ್ಲಿನಲ್ಲಿ ಇದ್ದಕ್ಕಿದ್ದಂತೆ ನಿಂತು ಮತ್ತೆ ಹೊರಡಬೇಕಾದ ಈ ಊರಿನಲ್ಲಿ ಕೊನೆಯ ಗುಣ ಚಿಕ್ಕದಲ್ಲ. ಶಿಮಾನೊದ ಟೂರ್ನಿ ದರ್ಜೆಯಲ್ಲಿ ಆರಕ್ಕೂ ಏಳಕ್ಕೂ ಇಂಥವು ಬರುತ್ತವೆ. ಬೆಲೆ ಕೆಲವು ನೂರು ರೂಪಾಯಿಗಳೊಳಗೆ ಮುಗಿಯುತ್ತದೆ. ತೈವಾನಿನ ಸನ್‌ರೇಸ್ ಮತ್ತು ಮೈಕ್ರೋಶಿಫ್ಟ್ ಕಂಪನಿಗಳು ಇಂಡೆಕ್ಸ್‌ನಿಂದ ಫ್ರಿಕ್ಷನ್ನಿಗೆ ಬದಲಾಯಿಸಿಕೊಳ್ಳಬಹುದಾದ ಹೆಬ್ಬೆರಳಿನ ಶಿಫ್ಟರುಗಳನ್ನೂ ತಯಾರಿಸುತ್ತವೆ. ಇದರಷ್ಟು ನಿಶ್ಚಿಂತೆಯ ಕೊಳ್ಳುವಿಕೆ ಇನ್ನೊಂದಿಲ್ಲ: ಲೆಕ್ಕ ತಪ್ಪಿದರೂ, ಕೇಬಲ್ ಹಳತಾದರೂ, ಹ್ಯಾಂಗರ್ ತುಸು ಬಾಗಿದ್ದರೂ, ಫ್ರಿಕ್ಷನ್ನಿಗೆ ತಿರುಗಿಸಿಕೊಂಡು ಮನೆ ಸೇರಬಹುದು. ಇವು ಎಲ್ಲ ಅಂಗಡಿಗಳಲ್ಲೂ ಇರುವುದಿಲ್ಲ ಎಂಬುದೊಂದೇ ಕೊರತೆ.

ತಿರುಗಿಸುವ ಹಿಡಿಯ ಬಗೆ, ಸ್ರ್ಯಾಮ್ ಕಂಪನಿಯು 1988ರಲ್ಲಿ ತಂದ ಗ್ರಿಪ್ ಶಿಫ್ಟಿನಿಂದ ಹೆಸರಾಯಿತು. ಶಿಮಾನೊ ಇದನ್ನು ರೆವೊಶಿಫ್ಟ್ ಎನ್ನುತ್ತದೆ. ಮಕ್ಕಳ ಸೈಕಲುಗಳಲ್ಲಿ ಇದು ಹೆಚ್ಚು. ನೋಡಲು ಅಚ್ಚುಕಟ್ಟು, ಆದರೆ ಕೈಹಿಡಿಯ ಅರ್ಧ ಜಾಗವನ್ನು ಇದೇ ಆಕ್ರಮಿಸುವುದರಿಂದ ಗಿಡ್ಡ ಹಿಡಿಗಳನ್ನೂ ಬೇರೆ ಕೊಳ್ಳಬೇಕು. ಮಳೆಯಲ್ಲಿ ಒದ್ದೆಯಾದ ಅಥವಾ ಬೆವರಿದ ಕೈಗೆ ಅದು ಜಾರುತ್ತದೆ, ತಗ್ಗು ಹಾರಿಸುವಾಗ ಬಿಗಿಯಾಗಿ ಹಿಡಿದರೆ ತಾನಾಗಿ ಗೇರು ಬದಲಾಗುವುದೂ ಉಂಟು. ಹಳೆಯದು ಇದೇ ಬಗೆಯದಾಗಿದ್ದು, ಕೈಗೆ ರೂಢಿಯಾಗಿದ್ದರೆ ಮಾತ್ರ ಮತ್ತೆ ಇದನ್ನೇ ಹಾಕಿಸಿಕೊಳ್ಳಿ.

ಟ್ರಿಗರ್ ಶಿಫ್ಟರ್ ಎರಡು ಗುಂಡಿಗಳಂಥ ಲಿವರುಗಳ ಬಗೆ. ಶಿಮಾನೊ ಇದನ್ನು ರ‍್ಯಾಪಿಡ್‌ಫೈರ್ ಎಂಬ ಹೆಸರಿನಿಂದ ಮಾರುತ್ತದೆ. ಬೆರಳಿನ ಶ್ರಮ ಕಡಿಮೆ, ಕೈ ಹಿಡಿಯಿಂದ ಕದಲುವುದಿಲ್ಲ, ಏರಿನಲ್ಲಿ ಎದ್ದು ತುಳಿಯುತ್ತಲೂ ಗೇರು ಬದಲಿಸಬಹುದು; ನಂದಿ ಬೆಟ್ಟದ ಕಡೆಗೆ ವಾರಾಂತ್ಯದಲ್ಲಿ ಹೋಗುವವರಿಗೆ ಇದೇ ಹಿತ. ಏಳು ಮತ್ತು ಎಂಟು ಗೇರಿಗೆ ಆಲ್ಟಸ್ ದರ್ಜೆಯಲ್ಲಿ ಬಿಡಿಯಾಗಿ ಸಿಗುತ್ತದೆ, ಆರು ಗೇರಿಗೆ ಒಳ್ಳೆಯದು ಸಿಗುವುದು ದುರ್ಲಭ. ಒಳಗೆ ಚಿಕ್ಕ ಭಾಗಗಳು ಹೆಚ್ಚಿರುವುದರಿಂದ ಮತ್ತೆ ಕೆಟ್ಟರೆ ಬಿಚ್ಚಿ ರಿಪೇರಿ ಮಾಡುವ ಮಾತಿಲ್ಲ.

ನಾಲ್ಕನೆಯದು ಬ್ರೇಕ್ ಲಿವರ್ ಮತ್ತು ಶಿಫ್ಟರ್ ಒಂದೇ ತುಂಡಾಗಿರುವ ಜೋಡಿ. ನನ್ನ ಎರಡನೆಯ ತಪ್ಪು ಇದು, ಮತ್ತು ನಾಲ್ಕರಲ್ಲಿ ಅಪಾಯಕ್ಕೆ ಎಡೆಕೊಡುವುದೂ ಇದೊಂದೇ. ವಿ-ಬ್ರೇಕ್ ಎಂದು ಕರೆಯುವ ಉದ್ದ ತೋಳಿನ ಬ್ರೇಕುಗಳಿಗೆ ಹೆಚ್ಚು ಕೇಬಲ್ ಎಳೆಯುವ ಲಿವರ್ ಬೇಕು. ಹಳೆಯ ಕ್ಯಾಂಟಿಲಿವರ್ ಮತ್ತು ಕ್ಯಾಲಿಪರ್ ಬ್ರೇಕುಗಳಿಗೆ ಹೆಚ್ಚುಕಡಿಮೆ ಅದರ ಅರ್ಧದಷ್ಟು ಎಳೆಯುವ ಲಿವರ್ ಸಾಕು. ನನ್ನ ಸೈಕಲಿನದು ಕ್ಯಾಂಟಿಲಿವರ್. ಅಂಗಡಿಯವರು ವಿ-ಬ್ರೇಕಿನ ಜೋಡಿಯನ್ನು ಕೊಟ್ಟರು, ನಾನೂ ಕೇಳದೆ ತಂದೆ. ಗೇರು ಗಡಿಯಾರದಂತೆ ಬೀಳುತ್ತಿತ್ತು. ಬ್ರೇಕ್ ಲಿವರ್ ಮಾತ್ರ ಕಲ್ಲಿನಂತೆ ಗಟ್ಟಿಯಾಗಿತ್ತು, ಅದನ್ನೇ ನಾನು ಹೊಸದರ ಬಿಗಿ ಎಂದುಕೊಂಡೆ. ಮಲ್ಲೇಶ್ವರದಿಂದ ಶೇಷಾದ್ರಿಪುರಕ್ಕೆ ಇಳಿಯುವ ಇಳಿಜಾರಿನಲ್ಲಿ ಮುಂದಿನ ಆಟೋ ನಿಂತಾಗ ನಾಲ್ಕೂ ಬೆರಳು ಒತ್ತಿ ಹಿಡಿದರೂ ಸೈಕಲು ನಿಧಾನವಾಗಿ ಮುಂದೆ ಸರಿಯುತ್ತಲೇ ಇತ್ತು, ಕಾಲೂರಿ ನಿಲ್ಲಿಸಬೇಕಾಯಿತು. ಇದಕ್ಕೆ ವಿರುದ್ಧವಾಗಿ, ಕಡಿಮೆ ಎಳೆಯುವ ಲಿವರನ್ನು ವಿ-ಬ್ರೇಕಿಗೆ ಹಾಕಿದರೆ ಲಿವರ್ ಹ್ಯಾಂಡಲಿಗೆ ತಾಗುವವರೆಗೆ ಬಂದರೂ ರಬ್ಬರು ರಿಮ್ಮನ್ನು ಸರಿಯಾಗಿ ಒತ್ತುವುದಿಲ್ಲ. ಆದ್ದರಿಂದ ನಿಮ್ಮ ಹಳೆಯದು ಒಂದೇ ತುಂಡಿನ ಜೋಡಿಯಾಗಿದ್ದು ಶಿಫ್ಟರಿನ ಭಾಗವಷ್ಟೇ ಕೆಟ್ಟಿದ್ದರೆ, ಬ್ರೇಕಿನ ಭಾಗವನ್ನು ಹಾಗೆಯೇ ಉಳಿಸಿ, ಗೇರಿನ ಕೇಬಲನ್ನು ಮಾತ್ರ ಬಿಡಿಸಿ, ಪಕ್ಕದಲ್ಲಿ ಬಿಡಿಯಾದ ಹೆಬ್ಬೆರಳಿನ ಶಿಫ್ಟರನ್ನು ಬಿಗಿಯುವುದು ಅಗ್ಗವೂ ಹೌದು, ಕ್ಷೇಮವೂ ಹೌದು. ಸತ್ತ ಶಿಫ್ಟರಿನ ಡಬ್ಬಿ ಅಲ್ಲೇ ಇರುವುದು ನೋಡಲು ಚೆನ್ನಾಗಿರುವುದಿಲ್ಲ. ಅದನ್ನು ಸಹಿಸದವರು ಬ್ರೇಕ್ ಲಿವರನ್ನೂ ಬಿಡಿಯಾಗಿ, ತಮ್ಮ ಬ್ರೇಕಿನ ಬಗೆಯನ್ನು ಹೇಳಿ ಕೊಳ್ಳಲಿ.

ಎಡಗಡೆಯದು ಬೇರೆಯೇ ಲೆಕ್ಕ

ಮುಂದಿನ ಡಿರೈಲರಿಗೆ 1.7ರ ಅನುಪಾತ ಅನ್ವಯಿಸುವುದಿಲ್ಲ. ರೋಡ್ ಸೈಕಲಿನ ಮುಂದಿನ ಡಿರೈಲರೂ ಮೌಂಟೇನ್ ಸೈಕಲಿನದೂ ಬೇರೆ ಬೇರೆ ಉದ್ದದ ಕೇಬಲ್ ಬೇಡುತ್ತವೆ. ಒಂದರ ಇಂಡೆಕ್ಸ್ ಶಿಫ್ಟರ್ ಇನ್ನೊಂದಕ್ಕೆ ನಡೆಯದು. ಇಲ್ಲಿ ನನ್ನ ಅಭಿಪ್ರಾಯ ಖಚಿತ: ಹಳೆಯ ಸೈಕಲಿನ ಎಡಗಡೆಗೆ ಫ್ರಿಕ್ಷನ್ ಶಿಫ್ಟರೇ ಸರಿ. ಮುಂದೆ ಇರುವುದು ಎರಡೋ ಮೂರೋ ಚಕ್ರ, ಅವುಗಳ ನಡುವಿನ ಗೇರು ಬದಲಾವಣೆಯೂ ಅಪರೂಪ. ಹಿಂದೆ ಚೈನು ಅಡ್ಡಡ್ಡ ಸರಿದಂತೆ ಮುಂದಿನ ಡಿರೈಲರಿನ ಪಂಜರಕ್ಕೆ ಉಜ್ಜತೊಡಗುತ್ತದೆ. ಫ್ರಿಕ್ಷನ್ ಇದ್ದರೆ ಲಿವರನ್ನು ಕೂದಲೆಳೆಯಷ್ಟು ಸರಿಸಿ ಆ ಸದ್ದನ್ನು ನಿಲ್ಲಿಸಬಹುದು, ಮೂರೇ ಕ್ಲಿಕ್ಕಿನ ಶಿಫ್ಟರಿನಲ್ಲಿ ಅದು ಸಾಧ್ಯವಿಲ್ಲ.

ಬಾಗಿದ ಹ್ಯಾಂಡಲಿನ ಸೈಕಲುಗಳಿಗೆ

ರೋಡ್ ಸೈಕಲಿನ ಬಾಗಿದ ಹ್ಯಾಂಡಲಿನ ವ್ಯಾಸ 23.8 ಮಿ.ಮೀ. ಆದ್ದರಿಂದ ಮೇಲೆ ಹೇಳಿದ ಯಾವುದೂ ಅದರ ಮೇಲೆ ಕೂರುವುದಿಲ್ಲ. ಒಂದೂವರೆ ಮಿಲಿಮೀಟರ್ ತಾನೇ ಎಂದು ಶಿಫ್ಟರಿನ ಪಟ್ಟಿಯನ್ನು ಅಗಲಿಸಿ ಬಿಗಿದರೆ ಮುರಿಯುತ್ತದೆ. ಇಂಥ ಹಳೆಯ ಸೈಕಲುಗಳಲ್ಲಿ ಶಿಫ್ಟರುಗಳು ಸಾಮಾನ್ಯವಾಗಿ ಫ್ರೇಮಿನ ಕೆಳಕೊಳವೆಯ ಮೇಲೆ ಇರುತ್ತವೆ. ಅಲ್ಲಿ ಶಿಫ್ಟರ್ ಕೂರಿಸಲೆಂದು ಬೆಸೆದ ಗುಬ್ಬಿ ಇದ್ದರೆ ಫ್ರಿಕ್ಷನ್ ಲಿವರುಗಳ ಹೊಸ ಜೋಡಿಯೊಂದನ್ನು ಹಾಕಿಬಿಡುವುದೇ ಎಲ್ಲಕ್ಕಿಂತ ಸರಳ. ಅದು 5, 6, 7 ಯಾವ ಫ್ರೀವೀಲಿಗೂ, ಯಾವ ಕಂಪನಿಯ ಡಿರೈಲರಿಗೂ ನಡೆಯುತ್ತದೆ. ಒಂದು ಕೈ ಬಿಟ್ಟು ಕೆಳಗೆ ಬಗ್ಗಬೇಕು ಎಂಬುದು ಇದರ ಮೇಲಿನ ದೂರು, ಮತ್ತು ಬೆಂಗಳೂರಿನ ರಸ್ತೆಗಳಲ್ಲಿ ಅದು ನ್ಯಾಯವಾದ ದೂರು. ಹ್ಯಾಂಡಲಿನ ತುದಿಯೊಳಗೆ ತೂರಿಸುವ ಬಾರ್-ಎಂಡ್ ಶಿಫ್ಟರ್ ಈ ತೊಂದರೆಯನ್ನು ಬಗೆಹರಿಸುತ್ತದೆ, ಆದರೆ ಇಲ್ಲಿನ ಅಂಗಡಿಗಳಲ್ಲಿ ಅದನ್ನು ನೋಡುವುದೇ ಕಡಿಮೆ.

ಬ್ರೇಕ್ ಲಿವರಿನೊಳಗೇ ಗೇರು ಅಡಗಿರುವ ಎಸ್‌ಟಿಐ ಶಿಫ್ಟರುಗಳನ್ನು ಶಿಮಾನೊ ರೋಡ್ ಸೈಕಲುಗಳಿಗೆ ತಂದದ್ದು 1990ರಲ್ಲಿ. ಹಳೆಯ ಸೈಕಲಿಗೆ ಇದನ್ನು ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಏಳು ಗೇರಿಗೆ ಟೂರ್ನಿ ದರ್ಜೆಯಲ್ಲಿ, ಎಂಟಕ್ಕೆ ಕ್ಲಾರಿಸ್ ದರ್ಜೆಯಲ್ಲಿ ಇವು ಸಿಗುತ್ತವೆ, ಬೆಲೆ ಹಲವು ಸಾವಿರ. ಆದರೆ ಖರ್ಚು ಶಿಫ್ಟರಿಗೇ ನಿಲ್ಲುವುದಿಲ್ಲ: ಕೆಳಕೊಳವೆಯ ಗುಬ್ಬಿಗೆ ಕೇಬಲ್ ತಡೆಗಳನ್ನು ಹಾಕಬೇಕು, ಹ್ಯಾಂಡಲಿನ ಪಟ್ಟಿ ಹೊಸದಾಗಬೇಕು, ಡಿರೈಲರ್ ಹಳೆಯ ಜಾತಿಯದಾದರೆ ಅದೂ ಬದಲಾಗಬೇಕು, ಏಳರಿಂದ ಎಂಟಕ್ಕೆ ಹೋಗುವುದಾದರೆ ಹಿಂದಿನ ಚಕ್ರವೇ ಸಾಲದಾಗುತ್ತದೆ, ಏಕೆಂದರೆ ಹಳೆಯ ರೋಡ್ ಫ್ರೇಮುಗಳ ಹಿಂಬದಿಯ ಅಗಲ 126 ಮಿ.ಮೀ., ಎಂಟು ಗೇರಿನ ಹಬ್ಬಿಗೆ (ಚಕ್ರದ ನಡುವಿನ ಗುಂಬಕ್ಕೆ) ಬೇಕಾದದ್ದು 130. ಈ ದಾರಿ ಹಿಡಿದವರು ಕೊನೆಗೆ ಫ್ರೇಮೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಕೊಂಡಿರುತ್ತಾರೆ.

ಬೇರೆ ಮನೆತನಗಳು

ಇಲ್ಲಿಯವರೆಗಿನ ಅಂಕಿಗಳೆಲ್ಲ ಶಿಮಾನೊ ಮನೆತನದವು. ಡಿರೈಲರಿನ ಮೇಲೆ ಸನ್‌ಟೂರ್ ಎಂದು ಇದ್ದರೆ ಲೆಕ್ಕ ಬೇರೆ. ಇಂದು ಹೆಚ್ಚಿನ ಡಿರೈಲರುಗಳಲ್ಲಿ ಕಾಣುವ ಓರೆಯಾದ ಚತುರ್ಭುಜದ ವಿನ್ಯಾಸವನ್ನು 1964ರಲ್ಲಿ ತಂದದ್ದು ಆ ಜಪಾನಿ ಕಂಪನಿಯೇ. ಆದರೆ ಇಂಡೆಕ್ಸ್ ಕಾಲದಲ್ಲಿ ಅದು ತನ್ನದೇ ಬೇರೆ ಅಳತೆಗಳನ್ನು ಹಿಡಿದು ಹೊರಟಿತು, ಇಂದು ಅವಕ್ಕೆ ಹೊಂದುವ ಹೊಸ ಶಿಫ್ಟರ್ ಇಲ್ಲ. ಅಲ್ಲಿ ಉಳಿದ ದಾರಿಗಳು ಎರಡು: ಫ್ರಿಕ್ಷನ್ ಹಾಕುವುದು, ಇಲ್ಲವೇ ಟೂರ್ನಿ ದರ್ಜೆಯ ಅಗ್ಗದ ಡಿರೈಲರನ್ನೂ ಜೊತೆಗೆ ಬದಲಿಸಿ ಶಿಮಾನೊ ಲೆಕ್ಕಕ್ಕೆ ಬರುವುದು. ಎರಡನೆಯದರ ಖರ್ಚು ಅಂದುಕೊಂಡಷ್ಟು ಹೆಚ್ಚಿಲ್ಲ. ಸ್ರ್ಯಾಮ್ ಡಿರೈಲರಿದ್ದರೆ ಅದು ಯಾವ ಬಗೆಯದೆಂದು ನೋಡಬೇಕು. ಅದರ 1:1 ಸರಣಿಯ ನಿಜವಾದ ಅನುಪಾತ ಸುಮಾರು 1.1, ಶಿಮಾನೊ ಶಿಫ್ಟರಿಗೆ ಅದು ಒಗ್ಗುವುದಿಲ್ಲ. ಶಿಮಾನೊದ್ದೇ ಆದರೂ ಹತ್ತು ಗೇರಿನ ಮೌಂಟೇನ್ ಶಿಫ್ಟರುಗಳು ಹಳೆಯ ಅನುಪಾತವನ್ನು ಬಿಟ್ಟುಬಿಟ್ಟಿವೆ. ಹೆಸರು ಒಂದೇ ಎಂದು ಹೊಸ ಶಿಫ್ಟರನ್ನು ಹಳೆಯದಕ್ಕೆ ಸಿಕ್ಕಿಸಲು ಹೋಗಬಾರದು.

ಆರು ಗೇರಿನವರು ಏನು ಮಾಡಬೇಕು?

ಆರು ಗೇರಿನ ಶಿಫ್ಟರುಗಳಲ್ಲಿ ಆಯ್ಕೆ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ಸಿಕ್ಕರೆ ಆರರದೇ ಹೆಬ್ಬೆರಳಿನ ಶಿಫ್ಟರ್ ತೆಗೆದುಕೊಂಡು ವಿಷಯ ಮುಗಿಸಬಹುದು. ಸಿಗದಿದ್ದರೆ ಏಳರ ಶಿಫ್ಟರ್ ಜೊತೆಗೆ ಏಳರ ಫ್ರೀವೀಲನ್ನೂ ಕೊಳ್ಳುವುದು ಒಳ್ಳೆಯ ಉಪಾಯ. ಫ್ರೀವೀಲು ಹಬ್ಬಿನ ಮೇಲೆ ತಿರುಪಿನಂತೆ ಕೂರುವುದರಿಂದ ಅದೇ ಹಬ್ಬಿಗೆ ಏಳರದೂ ಕೂರುತ್ತದೆ, ಆರು ಏಳು ಎಂಟಕ್ಕೆ ಸಲ್ಲುವ ಚೈನೂ ಒಂದೇ. ಆದರೆ ಮೇಲಿನ ಲೆಕ್ಕದಂತೆ ಅದು 2.5 ಮಿ.ಮೀ.ನಷ್ಟು ಹೆಚ್ಚು ಅಗಲವಾಗಿರುವುದರಿಂದ, ಅತಿ ಚಿಕ್ಕ ಚಕ್ರಕ್ಕೂ ಫ್ರೇಮಿನ ಒಳಮೈಗೂ ನಡುವೆ ಚೈನು ತಾಗದೆ ಓಡಾಡುವಷ್ಟು ಜಾಗ ಉಳಿಯುತ್ತದೆಯೇ ಎಂದು ಮೊದಲೇ ನೋಡಬೇಕು. ಸಾಲದಿದ್ದರೆ ಆಕ್ಸಲಿಗೆ ಒಂದು ವಾಷರ್ ಸೇರಿಸಿಕೊಳ್ಳಬೇಕಾಗುತ್ತದೆ. ಹಳೆಯ ಫ್ರೀವೀಲನ್ನು ಮನೆಯಲ್ಲಿ ಬಿಚ್ಚಲು ಹೋಗಬೇಡಿ. ವರ್ಷಗಟ್ಟಲೆ ತುಳಿದು ಬಿಗಿಯಾದ ಅದನ್ನು ತೆಗೆಯಲು ಅದರದೇ ಹಲ್ಲಿನ ಉಪಕರಣವೂ ಉದ್ದ ಹಿಡಿಯ ಸ್ಪ್ಯಾನರೂ ಬೇಕು.

ಕೊಳ್ಳುವ ಜಾಗ

ಬಡಾವಣೆಯ ಅಂಗಡಿ, ದೊಡ್ಡ ಕ್ರೀಡಾ ಮಳಿಗೆ, ಆನ್‌ಲೈನ್, ಗುಜರಿ ಈ ನಾಲ್ಕರಲ್ಲಿ ನಾನು ಮೊದಲನೆಯದನ್ನು ಮುಂದಿಡುತ್ತೇನೆ, ಒಂದು ಷರತ್ತಿನ ಮೇಲೆ: ಸೈಕಲನ್ನೇ ತಳ್ಳಿಕೊಂಡು ಹೋಗಬೇಕು. ಬಾಯಿಮಾತಿನಲ್ಲಿ ವಿವರಿಸಿ ತಂದ ಭಾಗ ಮರಳಿ ಹೋಗುವುದೇ ಹೆಚ್ಚು. ಆನ್‌ಲೈನಿನಲ್ಲಿ ಮಾದರಿಯ ಸಂಖ್ಯೆಯನ್ನೂ, ಬಲ ಎಡ ಎರಡೂ ಇವೆಯೇ ಒಂದೇ ಇದೆಯೇ ಎಂಬುದನ್ನೂ, ಕೇಬಲ್ ಜೊತೆಗಿದೆಯೇ ಎಂಬುದನ್ನೂ ನೋಡದೆ ದುಡ್ಡು ಕಟ್ಟಬಾರದು. ಚಿಕ್ಕಪೇಟೆಯ ಕಡೆಯ ಭಾನುವಾರದ ಸಂತೆಯಲ್ಲಿ ಅಥವಾ ಗುಜರಿಯಲ್ಲಿ ಹಳೆಯ ಹೆಬ್ಬೆರಳಿನ ಶಿಫ್ಟರ್ ಸಿಕ್ಕರೆ ಅದೃಷ್ಟ. ಲೋಹದ ಮೈಯ ಹಳೆಯ ಫ್ರಿಕ್ಷನ್ ಲಿವರುಗಳು ಈಗಿನ ಪ್ಲಾಸ್ಟಿಕ್ಕಿಗಿಂತ ಹೆಚ್ಚು ಕಾಲ ಬಾಳುತ್ತವೆ. ಕೈಯಲ್ಲಿ ತಿರುಗಿಸಿ, ಬಿಗಿಯುವ ತಿರುಪಿನ ಮರೆ ಸವೆದಿಲ್ಲವೆಂದು ಖಾತ್ರಿಪಡಿಸಿಕೊಂಡರೆ ಸಾಕು. ಹಳೆಯ ಟ್ರಿಗರ್ ಮಾತ್ರ ಅಲ್ಲಿ ಬೇಡ.

ಶಿಫ್ಟರಿನ ಜೊತೆ ತಪ್ಪದೆ ಕೊಳ್ಳಬೇಕಾದದ್ದು

ಮೂರನೆಯ ಬಾರಿ ನಾನು ಆರು ಗೇರಿನ ಹೆಬ್ಬೆರಳಿನ ಶಿಫ್ಟರನ್ನು ಬಲಕ್ಕೂ ಫ್ರಿಕ್ಷನ್ ಲಿವರನ್ನು ಎಡಕ್ಕೂ ತಂದೆ. ಲೆಕ್ಕವೆಲ್ಲ ಸರಿಯಿತ್ತು. ಆದರೂ ಗೇರು ಒಮ್ಮೆ ಬೀಳುತ್ತಿತ್ತು, ಒಮ್ಮೆ ಇಲ್ಲ. ರಸ್ತೆಯ ಕೊನೆಯ ಅಂಗಡಿಯ ಹಿರಿಯ ಮೆಕ್ಯಾನಿಕ್ ಹ್ಯಾಂಡಲನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, ಹಿಂದಿನ ಡಿರೈಲರ್ ಅದರ ಜೊತೆಗೇ ಅಲುಗುವುದನ್ನು ತೋರಿಸಿ, “ಸಾರ್, ಶಿಫ್ಟರ್‌ದೇನೂ ತೊಂದ್ರೆ ಇಲ್ಲ, ಗೇರ್ ವೈರಿಗೆ ಬ್ರೇಕಿನ ಔಟರ್ ಹಾಕವ್ರೆ ನೋಡಿ” ಎಂದರು. ಬ್ರೇಕಿನ ಹೊರಕವಚದೊಳಗೆ ಸುರುಳಿಯಾಗಿ ಸುತ್ತಿದ ಪಟ್ಟಿ ಇರುತ್ತದೆ. ಬಗ್ಗಿದಾಗ ಮತ್ತು ಒತ್ತಿದಾಗ ಅದರ ಉದ್ದ ತುಸು ಬದಲಾಗುತ್ತದೆ. ಗೇರಿನ ಹೊರಕವಚದೊಳಗೆ ತಂತಿಗಳು ಉದ್ದುದ್ದಕ್ಕೆ ಇರುವುದರಿಂದ ಅದು ಕುಗ್ಗುವುದಿಲ್ಲ. ಕ್ಲಿಕ್ಕಿಗೆ ಮೂರು ಮಿಲಿಮೀಟರ್ ಎಳೆಯುವ ವ್ಯವಸ್ಥೆಯಲ್ಲಿ ಅರ್ಧ ಮಿಲಿಮೀಟರ್ ಕುಗ್ಗಿದರೂ ಲೆಕ್ಕ ಕೆಟ್ಟಿತು. ಫ್ರಿಕ್ಷನ್ ಕಾಲದಲ್ಲಿ ಯಾವ ಕವಚವಾದರೂ ನಡೆಯುತ್ತಿದ್ದುದರಿಂದ ಚಿಕ್ಕ ಅಂಗಡಿಗಳಲ್ಲಿ ಆ ರೂಢಿ ಉಳಿದುಬಂದಿದೆ. ಗೇರಿಗೆ 4 ಮಿ.ಮೀ. ಹೊರಕವಚವನ್ನೂ 1.2 ಮಿ.ಮೀ. ಒಳಕೇಬಲನ್ನೂ ಹೆಸರಿಟ್ಟು ಕೇಳಬೇಕು. ಗೇರಿನ ಕವಚವನ್ನು ಬ್ರೇಕಿಗೆ ಮಾತ್ರ ಎಂದೂ ಹಾಕಬಾರದು. ಜೋರಾಗಿ ಬ್ರೇಕು ಒತ್ತಿದಾಗ ಅದು ಸೀಳಿಹೋಗಬಹುದು.

ಜೋಡಿಸುವಾಗ ಶಿಫ್ಟರನ್ನು ಅತಿ ಚಿಕ್ಕ ಹಲ್ಲುಚಕ್ರದ ಗುರುತಿಗೆ, ಅಂದರೆ ಕೇಬಲ್ ಪೂರ್ತಿ ಸಡಿಲವಾಗಿರುವ ಜಾಗಕ್ಕೆ ತಂದುಕೊಂಡು, ಡಿರೈಲರಿನಲ್ಲಿ ಕೇಬಲಿನ ಬಿಗಿತ ಹೊಂದಿಸುವ ಬ್ಯಾರೆಲ್ ತಿರುಪನ್ನು ಪೂರ್ತಿ ಒಳಗೆ ತಿರುಗಿಸಿ ಒಂದೆರಡು ಸುತ್ತು ಹಿಂದಕ್ಕೆ ಬಿಟ್ಟು, ಆಮೇಲೆ ಕೇಬಲನ್ನು ಎಳೆದು ಬಿಗಿಯಬೇಕು. ಎಲ್ಲ ಗೇರುಗಳೂ ಬೀಳುವುದನ್ನು ನೋಡುವವರೆಗೆ ಉಳಿದ ತುದಿಯನ್ನು ಕತ್ತರಿಸಬಾರದು, ಏಕೆಂದರೆ ಅಂಗಡಿಯವರು ಕತ್ತರಿಸಿದ ಕೇಬಲನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಮೊದಲ ಒಂದೆರಡು ವಾರದಲ್ಲಿ ಹೊರಕವಚದ ತುದಿಗಳು ತಮ್ಮ ಜಾಗದಲ್ಲಿ ಕೂತು ಕೇಬಲ್ ತುಸು ಸಡಿಲವಾದಂತಾಗುತ್ತದೆ. ಚೈನು ದೊಡ್ಡ ಚಕ್ರಕ್ಕೆ ಏರಲು ತಡಮಾಡಿದರೆ ಬ್ಯಾರೆಲ್ ತಿರುಪನ್ನು ಅರ್ಧ ಸುತ್ತು ಹೊರಕ್ಕೆ ತಿರುಗಿಸಿದರೆ ಸರಿಹೋಗುತ್ತದೆ.